ಕಾಟಾದ ಹತ್ತಿರ ‘ಡಾಟಾಬೇಸ್ ಈಸ್ ಲಾಕ್ಡ್’: ಪೈಥಾನಿನಲ್ಲಿ ಎಸ್‌ಕ್ಯೂಲೈಟ್ ದೋಷ ಹುಡುಕುವ ಬಗೆ

ಇಡೀ ಡಾಟಾಬೇಸನ್ನು ಒಂದೇ ಫೈಲಿನಲ್ಲಿಡುವ ಎಸ್‌ಕ್ಯೂಲೈಟನ್ನು ಬಳಸುವ ಪ್ರೋಗ್ರಾಮು ನಿಂತಲ್ಲೇ ನಿಂತು, ಕೊನೆಗೆ ‘ಆಪರೇಷನಲ್ ಎರರ್: ಡಾಟಾಬೇಸ್ ಈಸ್ ಲಾಕ್ಡ್’ ಎಂದು ಬರೆದರೆ ಹೆಚ್ಚಿನವರು ಕಂಪ್ಯೂಟರನ್ನೇ ಬಂದ್ ಮಾಡಿ ಮತ್ತೆ ಶುರು ಮಾಡುತ್ತಾರೆ. ಅಷ್ಟಕ್ಕೆ ನಿಂತರೆ ಪರವಾಗಿಲ್ಲ, ಸುಳಿವು ಮಾತ್ರ ಕಳೆಯುತ್ತದೆ. ಕೆಲವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಡಾಟಾಬೇಸಿನ ಪಕ್ಕದಲ್ಲಿ ‘-ಜರ್ನಲ್’ ಅಥವಾ ‘-ವಾಲ್’ ಎಂಬ ಬಾಲ ಹೊತ್ತ ಫೈಲನ್ನು ಕಂಡು, ಬೀಗ ಇದೇ ಇರಬೇಕೆಂದು ಅಳಿಸಿಬಿಡುತ್ತಾರೆ. ಅದು ಬೀಗವಲ್ಲ. ಅರ್ಧಕ್ಕೆ ನಿಂತ ಬರವಣಿಗೆಯನ್ನು ಹಿಂದಕ್ಕೆ ತರಲು ಬೇಕಾದ ಹಳೆಯ ಪುಟಗಳು ಜರ್ನಲ್ ಫೈಲಿನಲ್ಲಿರುತ್ತವೆ. ವಾಲ್ ಫೈಲಿನಲ್ಲಿ ಕಮಿಟ್ ಆಗಿ (ಅಂದರೆ ಕಾಯಂ ಎಂದು ಒಪ್ಪಿತವಾಗಿ), ಮುಖ್ಯ ಫೈಲಿಗೆ ಇನ್ನೂ ಸೇರದ ದಾಖಲೆಗಳೇ ಇರಬಹುದು. ಈ ಎರಡನ್ನು ಕೈಯಿಂದ ಅಳಿಸಬೇಕಾದ ಸಂದರ್ಭ ಯಾವುದೂ ಇಲ್ಲ.

ಉದಾಹರಣೆಗೆ ಇಟ್ಟುಕೊಂಡಿರುವುದು ನಾನು ನೋಡಿಕೊಳ್ಳುವ, ಶಿರಸಿಯ ಒಂದು ಅಡಿಕೆ ವಖಾರಿಯ ಪ್ರೋಗ್ರಾಮು. ಎಲೆಕ್ಟ್ರಾನಿಕ್ ಕಾಟಾದಿಂದ ಸೀರಿಯಲ್ ಕೇಬಲ್ಲಿನಲ್ಲಿ ಚೀಲದ ತೂಕ ಬರುತ್ತದೆ, ಒಂದು ಪೈಥಾನ್ ಪ್ರೋಗ್ರಾಮು ಅದನ್ನು ಬರೆದುಕೊಳ್ಳುತ್ತದೆ. ಅದೇ ಕಂಪ್ಯೂಟರಿನಲ್ಲಿ ಇನ್ನೊಂದು ಪ್ರೋಗ್ರಾಮು ಪಟ್ಟಿ, ಅಂದರೆ ಲಾಟಿನ ಲೆಕ್ಕದ ಚೀಟಿ, ಮುದ್ರಿಸುತ್ತದೆ, ಅದರ ದಾಖಲೆಯನ್ನೂ ಬರೆಯುತ್ತದೆ. ಎರಡೂ ತೆರೆಯುವುದು ‘ವಖಾರಿ.ಡಿಬಿ’ ಎಂಬ ಒಂದೇ ಫೈಲು. ರಾಶಿ, ಚಾಲಿ, ಬೆಟ್ಟೆ, ಬಿಳೇಗೋಟು, ಕೆಂಪುಗೋಟು, ಕೋಕಾ ಎಂದು ತರಾವರಿ ಮಾಲು. ಒಬ್ಬರ ಲಾಟಿನಲ್ಲಿ ನಾಲ್ಕೇ ಚೀಲ ಇರಬಹುದು, ನಲವತ್ತೂ ಇರಬಹುದು. ಈ ನಾಲ್ಕು–ನಲವತ್ತರ ಅಂತರವೇ ಮುಂದೆ ಮುಖ್ಯವಾಗುತ್ತದೆ.

ಎಸ್‌ಕ್ಯೂಲೈಟಿಗೆ ಸರ್ವರ್ ಇಲ್ಲ ಎನ್ನುವುದನ್ನು ಎಲ್ಲರೂ ಓದಿರುತ್ತಾರೆ, ದೋಷ ಬಂದಾಗ ಮರೆಯುತ್ತಾರೆ. ರಿಚರ್ಡ್ ಹಿಪ್ 2000ದಲ್ಲಿ ಇದನ್ನು ಬರೆದದ್ದು ಅಮೆರಿಕದ ಯುದ್ಧನೌಕೆಯೊಂದರ ತಂತ್ರಾಂಶದ ಕೆಲಸದಲ್ಲಿದ್ದಾಗ. ಡಾಟಾಬೇಸ್ ಸರ್ವರ್ ನಡೆಯದಿದ್ದರೂ ಪ್ರೋಗ್ರಾಮು ನಡೆಯಬೇಕು ಎಂಬುದೇ ಅದರ ಹುಟ್ಟಿನ ಕಾರಣ. ಪೈಥಾನ್ 2.5ರಿಂದ ಇದು ಭಾಷೆಯ ಜೊತೆಗೇ ಬರುತ್ತದೆ. ಸರ್ವರ್ ಇಲ್ಲದ ಕಾರಣ ‘ಈಗ ಯಾರು ಬರೆಯುತ್ತಿದ್ದಾರೆ’ ಎಂದು ಕೇಳಲು ಮಧ್ಯದಲ್ಲಿ ಯಾರೂ ಕೂತಿಲ್ಲ. ಬೀಗ ಹಾಕುವುದು ಆಪರೇಟಿಂಗ್ ಸಿಸ್ಟಮ್, ಹಾಕಿಸಿಕೊಳ್ಳುವುದು ಆ ಫೈಲನ್ನು ತೆರೆದ ಯಾವುದೋ ಪ್ರೋಗ್ರಾಮು. ಹಾಗಾಗಿ ಲಾಕ್ ದೋಷ ಹುಡುಕುವುದೆಂದರೆ ಫೈಲು ಯಾರ ಕೈಯಲ್ಲಿದೆ, ಯಾಕೆ ಇಷ್ಟು ಹೊತ್ತು ಇದೆ ಎಂದು ಹುಡುಕುವುದು. ಟೈಮ್‌ಔಟನ್ನು (ಬೀಗ ಬಿಡುವವರೆಗೆ ಕಾಯುವ ಮಿತಿಯನ್ನು) 5ರಿಂದ 60 ಸೆಕೆಂಡಿಗೆ ಏರಿಸಿ ಕೂರುವುದು ಪರಿಹಾರವಲ್ಲ.

ಮೊದಲು ಕೇಳಬೇಕಾದ್ದು: ಎಷ್ಟು ಹೊತ್ತಿಗೆ ಬಂತು?

ವಖಾರಿಯಿಂದ ಫೋನು ಬರುತ್ತದೆ. ‘ಅಪ್ಪೀ, ಮತ್ತೆ ಲಾಕ್ ಆತು, ಪಟ್ಟಿ ಬತ್ತಾ ಇಲ್ಲೆ.’ ನಾನು ಕೇಳುವುದು ಒಂದೇ: ‘ಮೆಸೇಜು ಕೂಡಲೇ ಬಂತ ಭಾವಾ, ಸ್ವಲ್ಪ ತಡೆದು ಬಂತ?’

ಪೈಥಾನಿನ ಕನೆಕ್ಟ್ ಕರೆಯಲ್ಲಿ ಟೈಮ್‌ಔಟ್ ಕೊಡದಿದ್ದರೆ ಅದು 5 ಸೆಕೆಂಡ್. ಅಷ್ಟು ಕಾದು ನಂತರ ದೋಷ ಬಂದಿದ್ದರೆ ಬೇರೆ ಯಾರೋ ಬೀಗವನ್ನು ಹಿಡಿದುಕೊಂಡೇ ಕೂತಿದ್ದಾರೆ ಎಂದರ್ಥ. ಕಾಯದೆ ಒಮ್ಮೆಲೇ ಬಂದಿದ್ದರೆ ಕತೆ ಬೇರೆ: ಓದಲು ಶುರು ಮಾಡಿದ ಟ್ರಾನ್ಸಾಕ್ಷನ್ (ಒಟ್ಟಿಗೇ ಮುಗಿಯಬೇಕಾದ ಓದು-ಬರಹಗಳ ಒಂದು ಕಂತು) ನಡುವೆ ಬರೆಯಲು ಹೊರಟಿದೆ, ಅಷ್ಟರಲ್ಲಿ ಇನ್ನೊಬ್ಬರು ಬರೆದು ಮುಗಿಸಿದ್ದಾರೆ ಅಥವಾ ಇಬ್ಬರೂ ಒಬ್ಬರಿಗೊಬ್ಬರು ಕಾಯುವ ಸ್ಥಿತಿ ಬಂದಿದೆ. ಕಾದು ಪ್ರಯೋಜನವಿಲ್ಲ ಎಂದು ಗೊತ್ತಿರುವುದರಿಂದ ಎಸ್‌ಕ್ಯೂಲೈಟ್ ಕಾಯುವುದೇ ಇಲ್ಲ. ಇಲ್ಲಿ ಟೈಮ್‌ಔಟ್ ಎಷ್ಟೇ ಏರಿಸಿದರೂ ಅದೇ ದೋಷ ಅದೇ ವೇಗದಲ್ಲಿ ಬರುತ್ತದೆ.

ಪೈಥಾನ್ 3.11 ಅಥವಾ ಅದರ ಮೇಲಿನದಾದರೆ ಎಕ್ಸೆಪ್ಷನ್ನಿನಲ್ಲಿ ‘ಎಸ್‌ಕ್ಯೂಲೈಟ್_ಎರರ್‌ನೇಮ್’ ಮತ್ತು ‘ಎಸ್‌ಕ್ಯೂಲೈಟ್_ಎರರ್‌ಕೋಡ್’ ಎಂಬ ಎರಡು ಗುಣಗಳಿವೆ. ಅವನ್ನು ಲಾಗಿನಲ್ಲಿ ಬರೆಸಿ. ಕೋಡ್ 5 ಬಂದರೆ ಬಿಝಿ, ಅಂದರೆ ಇನ್ನೊಂದು ಕನೆಕ್ಷನ್ ಅಡ್ಡ ಇದೆ. 517 ಬಂದರೆ ‘ಬಿಝಿ ಸ್ನಾಪ್‌ಶಾಟ್’, ಮೇಲೆ ಹೇಳಿದ ಓದಿ-ಬರೆಯುವ ತೊಡಕು. 8 ಬಂದರೆ ಬರೆಯುವ ಅನುಮತಿಯೇ ಇಲ್ಲ, 13 ಅಂದರೆ ಡಿಸ್ಕ್ ತುಂಬಿದೆ. ಬರೀ ಸಂದೇಶದ ಸಾಲನ್ನು ನೋಡಿ ಊಹಿಸುವುದಕ್ಕಿಂತ ಈ ಅಂಕಿ ಎಷ್ಟೋ ಮೇಲು.

ಫೈಲು ಯಾರ ಕೈಯಲ್ಲಿದೆ?

ಲಿನಕ್ಸಿನಲ್ಲಿ ‘ಎಲ್‌ಎಸ್‌ಒಎಫ್’ ಆಜ್ಞೆಗೆ ಫೈಲಿನ ಹೆಸರು ಕೊಟ್ಟರೆ ಅದನ್ನು ತೆರೆದ ಎಲ್ಲ ಪ್ರೋಗ್ರಾಮುಗಳ ಪಟ್ಟಿ ಸಿಗುತ್ತದೆ. ವಿಂಡೋಸಿನಲ್ಲಿ ರಿಸೋರ್ಸ್ ಮಾನಿಟರ್ ತೆರೆದು, ಸಿಪಿಯು ಪುಟದ ‘ಅಸೋಸಿಯೇಟೆಡ್ ಹ್ಯಾಂಡಲ್ಸ್’ ಹುಡುಕುಪೆಟ್ಟಿಗೆಯಲ್ಲಿ ಡಾಟಾಬೇಸಿನ ಹೆಸರು ಬರೆಯಿರಿ. ಇದನ್ನು ಮಾಡಬೇಕಾದ್ದು ದೋಷ ಕಾಣುತ್ತಿರುವಾಗಲೇ. ರೀಸ್ಟಾರ್ಟ್ ಆದ ಮೇಲೆ ನೋಡಿದರೆ ಎಲ್ಲವೂ ಸರಿ ಇರುತ್ತದೆ.

ಪಟ್ಟಿಯಲ್ಲಿ ‘ಡಿಬಿ ಬ್ರೌಸರ್’ (ಡಾಟಾಬೇಸನ್ನು ತೆರೆದು ತಿದ್ದುವ ತಂತ್ರಾಂಶ) ಕಂಡರೆ ಅರ್ಧ ಕೆಲಸ ಮುಗಿಯಿತು. ಯಾರೋ ಒಂದು ಹೆಸರಿನ ಕಾಗುಣಿತ ತಿದ್ದಲು ಅದನ್ನು ತೆರೆದು, ಕೋಶದಲ್ಲಿ ತಿದ್ದಿ, ‘ರೈಟ್ ಚೇಂಜಸ್’ ಒತ್ತದೆ ಊಟಕ್ಕೆ ಎದ್ದಿರುತ್ತಾರೆ. ಒತ್ತುವವರೆಗೆ ಅಥವಾ ರದ್ದು ಮಾಡುವವರೆಗೆ ಬರೆಯುವ ಬೀಗ ಅವರದ್ದೇ. ಬ್ಯಾಕಪ್ ತಂತ್ರಾಂಶ, ಆಂಟಿವೈರಸ್ ಸಹ ಕೆಲವೊಮ್ಮೆ ಕಾಣುತ್ತವೆ. ನಿಮ್ಮದೇ ಪೈಥಾನ್ ಪ್ರೋಗ್ರಾಮು ಎರಡು ಸಲ ಓಡುತ್ತಿರುವುದೂ ಅಪರೂಪವಲ್ಲ: ಕಿಟಕಿ ಮುಚ್ಚಿದರೂ ಒಳಗೆ ಪ್ರೊಸೆಸ್ ಸಾಯದೆ ಉಳಿದಿರುತ್ತದೆ.

ಪಟ್ಟಿಯಲ್ಲಿ ನಿಮ್ಮ ಎರಡು ಪ್ರೋಗ್ರಾಮುಗಳು ಬಿಟ್ಟು ಬೇರೆ ಯಾರೂ ಇಲ್ಲದಿದ್ದರೆ ತಪ್ಪು ಕೋಡಿನಲ್ಲಿದೆ. ಆಗಲೇ ವಿಷಯ ಸ್ವಾರಸ್ಯವಾಗುವುದು.

ಕಾಟಾ ಕಾಯುತ್ತಿದೆ, ಬೀಗವೂ ಕಾಯುತ್ತಿದೆ

ಎಸ್‌ಕ್ಯೂಲೈಟಿನಲ್ಲಿ ಓದುವವರು ಹತ್ತು ಜನ ಇರಬಹುದು, ಬರೆಯುವ ಪೆನ್ನು ಮಾತ್ರ ಒಂದೇ. ಪೈಥಾನಿನ ಮಾಡ್ಯೂಲು ತನ್ನ ಸಾಮಾನ್ಯ ಸ್ಥಿತಿಯಲ್ಲಿ ಇನ್ಸರ್ಟ್, ಅಪ್‌ಡೇಟ್, ಡಿಲೀಟ್, ರಿಪ್ಲೇಸ್ ಎಂಬ ಬರೆಯುವ ಆಜ್ಞೆಗಳಲ್ಲಿ ಯಾವುದಾದರೂ ಬಂದ ಕೂಡಲೇ, ನೀವು ಹೇಳದಿದ್ದರೂ, ‘ಬಿಗಿನ್’ ಕಳಿಸಿ ಟ್ರಾನ್ಸಾಕ್ಷನ್ ತೆರೆಯುತ್ತದೆ. ನೀವು ಕಮಿಟ್ ಹೇಳುವವರೆಗೆ ಆ ಪೆನ್ನು ಅದರ ಕೈಯಲ್ಲೇ.

ಈಗ ವಖಾರಿಯ ಕೋಡು ನೋಡಿ. ಲಾಟು ಶುರುವಾಗುತ್ತದೆ. ಮೊದಲ ಚೀಲ ಕಾಟಾದ ಮೇಲೆ, ತೂಕ ಬಂತು, ಇನ್ಸರ್ಟ್ ಆಯಿತು. ಲೂಪ್ ತಿರುಗಿ ಸೀರಿಯಲ್ ಪೋರ್ಟಿನಲ್ಲಿ ಎರಡನೇ ಚೀಲಕ್ಕೆ ಕಾಯುತ್ತಿದೆ. ಹಮಾಲರು ಚೀಲ ಎತ್ತಬೇಕು, ನಡುವೆ ಯಾರೋ ಕವಳ ಹಾಕಲು ನಿಲ್ಲುತ್ತಾರೆ, ಚೀಲದ ಬಾಯಿ ಬಿಚ್ಚಿ ಮಾಲು ನೋಡುತ್ತಾರೆ. ಕಮಿಟ್ ಇರುವುದು ಲಾಟಿನ ಕೊನೆಯ ಸಾಲಿನಲ್ಲಿ. ನಾಲ್ಕು ಚೀಲದ ಲಾಟಿನಲ್ಲಿ ಯಾರಿಗೂ ಗೊತ್ತಾಗದೆ ಮುಗಿಯುತ್ತದೆ. ನಲವತ್ತು ಚೀಲದ ಲಾಟು ಬಂದ ದಿನ ಪಟ್ಟಿಯ ಪ್ರೋಗ್ರಾಮು ಬರೆಯಲು ಹೋಗಿ, 5 ಸೆಕೆಂಡ್ ಕಾದು, ಲಾಕ್ಡ್ ಎನ್ನುತ್ತದೆ. ಪರೀಕ್ಷೆ ಮಾಡುವಾಗ ಎರಡು ಚೀಲದಲ್ಲಿ ಮಾಡಿದ್ದರೆ ಇದು ಹಿಡಿಗೆ ಸಿಗುವುದೇ ಇಲ್ಲ. ದೋಷ ಸುಗ್ಗಿಯಲ್ಲಿ ಮಾತ್ರ ಬರುತ್ತದೆ ಎಂದು ಯಾರಾದರೂ ಹೇಳಿದರೆ ನಾನು ಮೊದಲು ನೋಡುವುದು ಕಮಿಟ್ ಲೂಪಿನ ಒಳಗಿದೆಯೋ ಹೊರಗಿದೆಯೋ ಎಂದು.

ಖಚಿತ ಮಾಡಿಕೊಳ್ಳುವುದು ಸುಲಭ. ಸೀರಿಯಲ್ ಪೋರ್ಟ್ ಓದುವ ಸಾಲಿನ ಮೇಲೆ ಕನೆಕ್ಷನ್ನಿನ ‘ಇನ್_ಟ್ರಾನ್ಸಾಕ್ಷನ್’ ಗುಣವನ್ನು ಲಾಗಿಗೆ ಬರೆಸಿ. ಅಲ್ಲಿ ‘ಟ್ರೂ’ ಎಂದು ಬಂದರೆ ಪ್ರೋಗ್ರಾಮು ಬೀಗ ಹಿಡಿದುಕೊಂಡೇ ಹೊರಗಿನ ಜಗತ್ತಿಗೆ ಕಾಯುತ್ತಿದೆ. ಕಾಟಾ, ಪ್ರಿಂಟರ್, ಇಂಟರ್ನೆಟ್, ಮನುಷ್ಯನ ಬೆರಳು, ಯಾವುದಕ್ಕೇ ಕಾಯಲಿ, ಆ ಜಾಗದಲ್ಲಿ ಉತ್ತರ ‘ಫಾಲ್ಸ್’ ಇರಲೇಬೇಕು.

ಸರಿಪಡಿಸಲು ಎರಡು ದಾರಿ. ತೂಕಗಳನ್ನೆಲ್ಲ ಪೈಥಾನಿನ ಒಂದು ಲಿಸ್ಟಿನಲ್ಲಿ ಕೂಡಿಟ್ಟು ಕೊನೆಗೆ ಒಂದೇ ಏಟಿಗೆ ಬರೆಯುವುದು ಪುಸ್ತಕದ ದಾರಿ. ಮಳೆಗಾಲದ ಶಿರಸಿಯಲ್ಲಿ ಅದು ನನಗೆ ಒಪ್ಪಿಗೆಯಿಲ್ಲ. ಮೂವತ್ತನೇ ಚೀಲಕ್ಕೆ ಕರೆಂಟು ಹೋದರೆ ಅಷ್ಟನ್ನೂ ಮತ್ತೆ ಕಾಟಾಕ್ಕೆ ಎತ್ತಬೇಕು, ಎತ್ತುವವರು ಪ್ರೋಗ್ರಾಮು ಬರೆದವರಲ್ಲ. ಪ್ರತಿ ಚೀಲಕ್ಕೂ ಇನ್ಸರ್ಟ್, ಕೂಡಲೇ ಕಮಿಟ್. ಲಾಟು ಮುಗಿದಿದೆಯೋ ಇಲ್ಲವೋ ಎನ್ನುವುದಕ್ಕೆ ಲಾಟಿನ ಟೇಬಲ್ಲಿನಲ್ಲಿ ಒಂದು ಸ್ಥಿತಿಯ ಕಾಲಂ. ಪಟ್ಟಿ ಮುದ್ರಿಸುವ ಪ್ರೋಗ್ರಾಮು ಮುಗಿದ ಲಾಟುಗಳನ್ನು ಮಾತ್ರ ನೋಡಲಿ. ಪ್ರತಿ ಕಮಿಟಿಗೂ ಡಿಸ್ಕಿಗೆ ಬರೆಯುವುದರಿಂದ ಅದು ನಿಧಾನ ಎಂಬುದು ನಿಜ. ಆದರೆ ಚೀಲ ಎತ್ತುವ ವೇಗದ ಮುಂದೆ ಆ ಮಿಲಿಸೆಕೆಂಡುಗಳು ಲೆಕ್ಕಕ್ಕಿಲ್ಲ.

‘ವಿತ್’ ಬಳಸಿದ್ದೇನೆ, ಹಾಗಾಗಿ ಕನೆಕ್ಷನ್ ಮುಚ್ಚಿದೆ ಎಂದು ನಂಬುವವರು ಬಹಳ. ಕನೆಕ್ಷನ್ ಮೇಲಿನ ‘ವಿತ್’ ಯಶಸ್ಸಾದರೆ ಕಮಿಟ್, ಎಕ್ಸೆಪ್ಷನ್ ಬಂದರೆ ರೋಲ್‌ಬ್ಯಾಕ್ (ಬರೆದದ್ದು ರದ್ದು) ಮಾಡುತ್ತದೆ, ಅಷ್ಟೇ. ಮುಚ್ಚುವುದಿಲ್ಲ. ಅತ್ತ ‘ವಿತ್’ ಇಲ್ಲದೆ, ಕಮಿಟ್ ಹೇಳದೆ ಕ್ಲೋಸ್ ಮಾಡಿದರೆ ಆ ದಿನದ ಬರವಣಿಗೆ ಸದ್ದಿಲ್ಲದೆ ಮಾಯ. ‘ನಿನ್ನೆ ಪರದೆಯಲ್ಲಿ ಕಂಡಿತ್ತು, ಇವತ್ತು ಇಲ್ಲ’ ಎಂಬ ದೂರಿಗೆ ಬಹುಪಾಲು ಇದೇ ಕಾರಣ.

ಪ್ರಿಂಟರ್ ನಿಧಾನ, ಬರೆಯುವವನಿಗೆ ಬೀಗ

ಓದುವ ಪ್ರೋಗ್ರಾಮಿನಿಂದಲೂ ಲಾಕ್ ಬರುತ್ತದೆ. ಸೆಲೆಕ್ಟ್ (ಓದುವ ಆಜ್ಞೆ) ಮಾಡಿದ ಕರ್ಸರ್ ಮೇಲೆ ನೇರ ಲೂಪ್ ಹಾಕಿ, ಲೂಪಿನೊಳಗೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಒಂದೊಂದೇ ಸಾಲು ಕಳಿಸುತ್ತಿದ್ದರೆ, ಕೊನೆಯ ಸಾಲು ಓದುವವರೆಗೆ ಓದುವ ಬೀಗ ಬಿಡುವುದಿಲ್ಲ. ಹಳೆಯ ಜರ್ನಲ್ ಕ್ರಮದಲ್ಲಿ ಬರೆಯುವವನು ಕಮಿಟ್ ಮಾಡುವ ಹೊತ್ತಿಗೆ ಎಲ್ಲ ಓದುಗರೂ ಹೊರಗಿರಬೇಕು. ಕಾಗದ ಸಿಕ್ಕಿಹಾಕಿಕೊಂಡರೆ ಕಾಟಾದ ಪ್ರೋಗ್ರಾಮು ನಿಲ್ಲುತ್ತದೆ! ‘ಫೆಚ್‌ಆಲ್’ ಮಾಡಿ ಸಾಲುಗಳನ್ನೆಲ್ಲ ಮೊದಲು ತಂದುಕೊಳ್ಳಿ, ಆಮೇಲೆ ಎಷ್ಟು ಹೊತ್ತು ಬೇಕಾದರೂ ಮುದ್ರಿಸಿ.

‘ಪ್ರಾಗ್ಮಾ ಜರ್ನಲ್_ಮೋಡ್=ವಾಲ್’ ಎಂಬ ಆಜ್ಞೆಯಿಂದ, ಬರೆದದ್ದನ್ನು ಮೊದಲು ವಾಲ್ ಫೈಲಿನಲ್ಲಿಡುವ ಕ್ರಮ ಹಾಕಿದರೆ ಓದುವವರೂ ಬರೆಯುವವರೂ ಒಬ್ಬರಿಗೊಬ್ಬರು ಅಡ್ಡ ಬರುವುದಿಲ್ಲ. 2010ರ 3.7.0 ಆವೃತ್ತಿಯಿಂದ ಇದು ಇದೆ, ಒಮ್ಮೆ ಹಾಕಿದರೆ ಫೈಲಿನಲ್ಲೇ ಉಳಿಯುತ್ತದೆ. ಆದರೆ ಬರೆಯುವ ಪೆನ್ನು ಆಗಲೂ ಒಂದೇ. ಕಾಟಾದ ಮುಂದೆ ತೆರೆದಿಟ್ಟ ಟ್ರಾನ್ಸಾಕ್ಷನ್ನಿಗೆ ವಾಲ್ ಮದ್ದಲ್ಲ. ಅಂತರ್ಜಾಲದಲ್ಲಿ ಲಾಕ್ ಎಂದು ಹುಡುಕಿದವರಿಗೆಲ್ಲ ಈ ಒಂದೇ ಸಾಲಿನ ಸಲಹೆ ಸಿಗುವುದರಿಂದ ಇದನ್ನು ಒತ್ತಿ ಹೇಳಬೇಕಾಯಿತು.

ಕೂಡಲೇ ಬರುವ ಲಾಕ್

ಹೊಸ ಲಾಟಿಗೆ ಸಂಖ್ಯೆ ಕೊಡುವ ಕೋಡಿನಲ್ಲಿ ಇದು ಹೆಚ್ಚು. ‘ಬಿಗಿನ್’, ಕೊನೆಯ ಲಾಟ್ ಸಂಖ್ಯೆ ಸೆಲೆಕ್ಟ್, ಅದಕ್ಕೆ ಒಂದು ಕೂಡಿಸಿ ಇನ್ಸರ್ಟ್. ಬರೀ ‘ಬಿಗಿನ್’ ಯಾವ ಬೀಗವನ್ನೂ ಹಿಡಿಯುವುದಿಲ್ಲ, ಸೆಲೆಕ್ಟ್ ಓದುವ ಬೀಗ ಹಿಡಿಯುತ್ತದೆ, ಇನ್ಸರ್ಟ್ ಬಂದಾಗ ಮೇಲೇರಬೇಕು, ಅಲ್ಲಿ ತಡೆ. ‘ಬಿಗಿನ್ ಇಮಿಡಿಯೆಟ್’ ಎಂದರೆ ಮೊದಲೇ ಬರೆಯುವ ಬೀಗ ಸಿಗುತ್ತದೆ. ಸಿಗದಿದ್ದರೆ ಟೈಮ್‌ಔಟಿನವರೆಗೆ ಮರ್ಯಾದೆಯಿಂದ ಕಾಯುತ್ತದೆ.

ಕನೆಕ್ಟ್ ಮಾಡುವಾಗ ‘ಐಸೊಲೇಷನ್_ಲೆವೆಲ್’ ಇಮಿಡಿಯೆಟ್ ಎಂದು ಕೊಟ್ಟರೆ ಸಾಕಲ್ಲವೇ ಎಂದರೆ, ಸಾಲದು. ಪೈಥಾನ್ ತಾನಾಗಿ ಬಿಗಿನ್ ಕಳಿಸುವುದು ಇನ್ಸರ್ಟಿನ ಮುಂಚೆ, ಸೆಲೆಕ್ಟಿನ ಮುಂಚೆ ಅಲ್ಲ. ಎರಡು ಪ್ರೋಗ್ರಾಮು ಒಂದೇ ಕೊನೆಯ ಸಂಖ್ಯೆಯನ್ನು ಓದಿ ಇಬ್ಬರು ಬೆಳೆಗಾರರಿಗೆ ಒಂದೇ ಲಾಟ್ ಸಂಖ್ಯೆ ಕೊಡುತ್ತವೆ. ದೋಷ ಸಂದೇಶ ಬರುವುದಿಲ್ಲ, ಗಲಾಟೆ ಬರುತ್ತದೆ. ‘ಐಸೊಲೇಷನ್_ಲೆವೆಲ್’ ಅನ್ನು ‘ನನ್’ (None) ಎಂದಿಟ್ಟು, ‘ಬಿಗಿನ್ ಇಮಿಡಿಯೆಟ್’ ಅನ್ನು ನೀವೇ ಬರೆಯಿರಿ. ಲಾಟ್ ಸಂಖ್ಯೆಯ ಕಾಲಮ್ಮಿಗೆ ‘ಯೂನಿಕ್’ ಇರಲಿ.

ಟೇಬಲ್ಲೇ ಇಲ್ಲ ಎನ್ನುತ್ತಿದೆ

‘ನೋ ಸಚ್ ಟೇಬಲ್’ ಬಂದರೆ ಗಾಬರಿ ಬೇಡ, ಡಾಟಾ ಹೋಗಿರಲಿಕ್ಕಿಲ್ಲ. ಹೆಚ್ಚಾಗಿ ಪ್ರೋಗ್ರಾಮು ಬೇರೆ ಫೈಲನ್ನು ತೆರೆದಿರುತ್ತದೆ. ಬರೀ ಹೆಸರು ಕೊಟ್ಟರೆ ಅದು ಈಗ ನಿಂತಿರುವ ಫೋಲ್ಡರಿನಲ್ಲಿ ಹುಡುಕುತ್ತದೆ. ಡೆಸ್ಕ್‌ಟಾಪ್ ಶಾರ್ಟ್‌ಕಟ್ಟಿನಿಂದ ಒಂದು ಫೋಲ್ಡರು, ಟಾಸ್ಕ್ ಶೆಡ್ಯೂಲರಿನಿಂದ ಇನ್ನೊಂದು. ಸಿಗದಿದ್ದರೆ ಹೊಸ ಖಾಲಿ ಫೈಲನ್ನೇ ಹುಟ್ಟಿಸುತ್ತದೆ. ‘ಪ್ರಾಗ್ಮಾ ಡಾಟಾಬೇಸ್_ಲಿಸ್ಟ್’ ತೆರೆದ ಫೈಲಿನ ಪೂರ್ತಿ ದಾರಿ ಹೇಳುತ್ತದೆ. ಅಲ್ಲಿ ಸೊನ್ನೆ ಬೈಟಿನ ಫೈಲು ಕಂಡರೆ ವಿಷಯ ಮುಗಿಯಿತು. ಪೂರ್ತಿ ದಾರಿ ಕೊಡಿ, ಜೊತೆಗೆ ಯುಆರ್‌ಐ ರೂಪದಲ್ಲಿ ‘ಮೋಡ್=ಆರ್‌ಡಬ್ಲ್ಯೂ’ ಹಾಕಿ; ಫೈಲು ಇಲ್ಲದಿದ್ದರೆ ಹೊಸದನ್ನು ಹುಟ್ಟಿಸದೆ ಅಲ್ಲೇ ದೋಷ ಕೊಡುತ್ತದೆ.

ಹಂಚಿದ ಫೋಲ್ಡರು ಮತ್ತು ಘಟ್ಟದ ಕೆಳಗಿನ ನಕಲು

ಎರಡನೇ ಕಂಪ್ಯೂಟರಿನಿಂದ ನೆಟ್‌ವರ್ಕ್ ಫೋಲ್ಡರಿನ ಮೂಲಕ ಅದೇ ಫೈಲನ್ನು ತೆರೆಯುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ನೆಟ್‌ವರ್ಕ್ ಫೈಲ್ ಸಿಸ್ಟಮ್ಮುಗಳ ಬೀಗವನ್ನು ನಂಬುವಂತಿಲ್ಲ. ವಾಲ್ ಅಂತೂ ನಡೆಯುವುದೇ ಇಲ್ಲ, ಅದಕ್ಕೆ ಎಲ್ಲ ಪ್ರೋಗ್ರಾಮುಗಳೂ ಒಂದೇ ಯಂತ್ರದ ಮೆಮೊರಿಯನ್ನು ಹಂಚಿಕೊಳ್ಳಬೇಕು. ಫೈಲು ಇರುವ ಯಂತ್ರದಲ್ಲೇ ಪೈಥಾನಿನ ಫ್ಲಾಸ್ಕ್‌ನಂಥ ವೆಬ್ ಚೌಕಟ್ಟಿನಲ್ಲಿ ಬರೆದ ಸಣ್ಣ ಪ್ರೋಗ್ರಾಮು ಓಡಿಸಿ, ಉಳಿದವರು ಬ್ರೌಸರಿನಲ್ಲಿ ನೋಡಲಿ.

ದೇವಿಮನೆ ಘಟ್ಟ ಇಳಿದು ಕುಮಟೆಯಲ್ಲಿ ಇನ್ನೊಂದು ಅಂಗಡಿ ಇದ್ದವರು ಡಾಟಾಬೇಸನ್ನೇ ಕ್ಲೌಡ್ ಸಿಂಕ್ ಫೋಲ್ಡರಿನಲ್ಲಿ ಇಡುತ್ತಾರೆ. ಸಿಂಕ್ ತಂತ್ರಾಂಶಕ್ಕೆ ಟ್ರಾನ್ಸಾಕ್ಷನ್ ಗೊತ್ತಿಲ್ಲ. ಮುಖ್ಯ ಫೈಲನ್ನು ಒಂದು ಕ್ಷಣದಲ್ಲಿ, ವಾಲ್ ಫೈಲನ್ನು ಇನ್ನೊಂದು ಕ್ಷಣದಲ್ಲಿ ಕಳಿಸುತ್ತದೆ. ಕುಮಟೆಯಲ್ಲಿ ತೆರೆದರೆ ‘ಡಾಟಾಬೇಸ್ ಡಿಸ್ಕ್ ಇಮೇಜ್ ಈಸ್ ಮಾಲ್‌ಫಾರ್ಮ್ಡ್’. ಓಡುತ್ತಿರುವ ಡಾಟಾಬೇಸಿನ ನಕಲು ಬೇಕಾದರೆ ‘ವ್ಯಾಕ್ಯೂಮ್ ಇಂಟು’ ಆಜ್ಞೆ (3.27ರಿಂದ) ಅಥವಾ ಪೈಥಾನ್ 3.7ರಿಂದ ಬಂದ ಕನೆಕ್ಷನ್ನಿನ ‘ಬ್ಯಾಕಪ್’ ಕರೆ ಬಳಸಿ. ಆ ನಕಲನ್ನು ಸಿಂಕ್ ಫೋಲ್ಡರಿಗೆ ಹಾಕಿ, ಕೆಳಗಿನ ಅಂಗಡಿಯವರು ಅದನ್ನು ಓದಲು ಮಾತ್ರ ಬಳಸಲಿ.

ಇಲ್ಲಿ ಒಂದು ಸೂಕ್ಷ್ಮವಿದೆ. ಲಿನಕ್ಸಿನಲ್ಲಿ, ಡಾಟಾಬೇಸ್ ತೆರೆದಿರುವ ಅದೇ ಪೈಥಾನ್ ಪ್ರೊಸೆಸ್ಸಿನೊಳಗೆ ಆ ಫೈಲನ್ನು ಸಾಮಾನ್ಯ ‘ಓಪನ್’ನಿಂದ ತೆರೆದು ನಕಲು ಮಾಡಿ ಮುಚ್ಚಿದರೆ, ಎಸ್‌ಕ್ಯೂಲೈಟ್ ಹಿಡಿದ ಬೀಗಗಳೂ ಬಿಟ್ಟುಹೋಗುತ್ತವೆ. ಪೋಸಿಕ್ಸ್ (ಯುನಿಕ್ಸ್ ಬಗೆಯ ಸಿಸ್ಟಮ್ಮುಗಳ ಮಾನದಂಡ) ಬೀಗದ ನಿಯಮವೇ ಹಾಗಿದೆ. ನಂತರ ಇಬ್ಬರು ಒಟ್ಟಿಗೆ ಬರೆದರೆ ಫೈಲು ಕೆಡುತ್ತದೆ, ಕಾರಣ ಯಾವ ಲಾಗಿನಲ್ಲೂ ಸಿಗುವುದಿಲ್ಲ.

ಕೆಟ್ಟ ಮೇಲೆ ಮಾಡುವುದು: ಪ್ರೋಗ್ರಾಮುಗಳನ್ನೆಲ್ಲ ನಿಲ್ಲಿಸಿ, ಡಿಬಿ ಮತ್ತು ಅದರ ಬಾಲದ ಫೈಲುಗಳನ್ನು ಒಟ್ಟಿಗೆ ಬೇರೆ ಕಡೆ ನಕಲು ಮಾಡಿ, ನಕಲಿನ ಮೇಲೆ ಮಾತ್ರ ಕೈ ಹಾಕುವುದು. ‘ಪ್ರಾಗ್ಮಾ ಇಂಟೆಗ್ರಿಟಿ_ಚೆಕ್’ ‘ಓಕೆ’ ಎನ್ನದಿದ್ದರೆ ಎಸ್‌ಕ್ಯೂಲೈಟಿನ ಕಮಾಂಡ್ ಲೈನ್ ಉಪಕರಣದ ‘.ರಿಕವರ್’ ಉಳಿದಷ್ಟನ್ನು ಹೊರಗೆ ತೆಗೆಯುತ್ತದೆ.

ಹೆಸರು ಕಣ್ಣಿಗೆ ಕಾಣುತ್ತದೆ, ಹುಡುಕಿದರೆ ಇಲ್ಲ

ಇದು ಕನ್ನಡದ ಪಾಲಿಗೇ ಬಂದ ದೋಷ. ‘ಗೋಪಾಲ’ ಎಂದು ಪರದೆಯಲ್ಲಿದೆ, ಅದೇ ಹೆಸರು ಟೈಪಿಸಿ ಹುಡುಕಿದರೆ ಸಿಗುವುದಿಲ್ಲ. ಓಕಾರದ ಚಿಹ್ನೆಯನ್ನು ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಮೂರು ತುಂಡಾಗಿಯೂ ಬರೆಯಬಹುದು. ಮೊದಲನೆಯದು 3 ಬೈಟು, ಎರಡನೆಯದು 9. ಕಣ್ಣಿಗೆ ಎರಡೂ ಒಂದೇ, ಎಸ್‌ಕ್ಯೂಲೈಟಿಗೆ ಬೇರೆ ಬೇರೆ, ಅದು ಬೈಟುಗಳನ್ನು ಹೋಲಿಸುತ್ತದೆ. ‘ಸೆಲೆಕ್ಟ್ ಹೆಕ್ಸ್’ ಮಾಡಿ ಎರಡೂ ಸಾಲುಗಳನ್ನು ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಕಾಣುತ್ತದೆ. ಪೈಥಾನಿನ ‘ಯುನಿಕೋಡ್‌ಡಾಟಾ’ ಮಾಡ್ಯೂಲಿನ ‘ನಾರ್ಮಲೈಸ್’ ಅನ್ನು ಎನ್‌ಎಫ್‌ಸಿ (ತುಂಡುಗಳನ್ನು ಒಂದೇ ಸಂಕೇತಕ್ಕೆ ಕೂಡಿಸುವ) ರೂಪಕ್ಕೆ, ಬರೆಯುವಾಗಲೂ ಹುಡುಕುವಾಗಲೂ ಬಳಸಿ. ಒತ್ತಕ್ಷರ ಬಿಡಿಸಲು ಹಾಕುವ, ಕಣ್ಣಿಗೆ ಕಾಣದ ಸಂಕೇತವನ್ನು ಎನ್‌ಎಫ್‌ಸಿ ತೆಗೆಯುವುದಿಲ್ಲ. ಅದನ್ನು ತೆಗೆದ ಹೆಸರನ್ನು ಹುಡುಕಲೆಂದೇ ಬೇರೊಂದು ಕಾಲಮ್ಮಿನಲ್ಲಿ ಇಡುವುದು ವಾಸಿ.

ಅಂಕಿಯಲ್ಲೂ ಇಂಥದ್ದೇ. ಕಾಲಮ್ಮಿನ ವಿಧ ರಿಯಲ್ (ದಶಮಾಂಶ ಸಂಖ್ಯೆ) ಎಂದಿದ್ದರೂ ‘52.5 ಕೆಜಿ’ ಎಂದು ಕೊಟ್ಟರೆ ಎಸ್‌ಕ್ಯೂಲೈಟ್ ಬೇಡ ಎನ್ನದೆ ಅದನ್ನು ಪಠ್ಯವಾಗಿ ಇಟ್ಟುಕೊಳ್ಳುತ್ತದೆ. ಪಠ್ಯ ಯಾವಾಗಲೂ ಸಂಖ್ಯೆಗಿಂತ ದೊಡ್ಡದು ಎಂಬುದು ಅದರ ನಿಯಮ, ಹಾಗಾಗಿ 70 ಕಿಲೋ ಮೀರಿದ ಚೀಲಗಳನ್ನು ಕೇಳಿದರೆ ಇದೂ ಬಂದು ಕೂರುತ್ತದೆ. ಕೈಯಲ್ಲಿ ತೂಕ ತುಂಬುವವರು ‘೫೨.೫’ ಎಂದು ಬರೆದರೂ ಹಾಗೇ. ಪೈಥಾನಿನ ‘ಫ್ಲೋಟ್’ ಮಾತ್ರ ಕನ್ನಡ ಅಂಕಿಗಳನ್ನೂ ಸರಿಯಾಗಿ ಓದುತ್ತದೆ. ತೂಕವನ್ನು ಮೊದಲು ಅದರ ಮೂಲಕ ಹಾಯಿಸಿ. ‘ಟೈಪ್‌ಆಫ್’ ಬಳಸಿ ಹಳೆಯ ಸಾಲುಗಳಲ್ಲಿ ಪಠ್ಯ ಎಷ್ಟಿದೆ ನೋಡಿ. ಎಸ್‌ಕ್ಯೂಲೈಟ್ 3.37 ಅಥವಾ ನಂತರದ ಆವೃತ್ತಿಯಾದರೆ ಹೊಸ ಟೇಬಲ್ಲನ್ನು ‘ಸ್ಟ್ರಿಕ್ಟ್’ ಎಂದು ಕಟ್ಟಿ, ಆಗ ವಿಧ ತಪ್ಪಿದ್ದನ್ನು ಅದು ಒಳಗೆ ಬಿಡುವುದಿಲ್ಲ.

ಬೆಳಗಿನ ಜಾವದ ಮೀನು ನಿನ್ನೆಯ ಲೆಕ್ಕಕ್ಕೆ

ಅಡಿಕೆ ವಖಾರಿಯಲ್ಲಿ ಎಂದೂ ಕಾಣದ ಈ ದೋಷ ಕರಾವಳಿಯಲ್ಲಿ ದಿನವೂ ಕಾಣುತ್ತದೆ. ಕಾರವಾರದ ಬೈತಖೋಲದಲ್ಲೋ ತದಡಿಯಲ್ಲೋ ಬೋಟು ದಡಕ್ಕೆ ಬಂದು, ಬೆಳಿಗ್ಗೆ 4 ಗಂಟೆಗೆ ಮೀನಿನ ಬುಟ್ಟಿ ಬರೆದುಕೊಂಡರೆ ವರದಿಯಲ್ಲಿ ಅದು ಹಿಂದಿನ ದಿನಕ್ಕೆ ಸೇರುತ್ತದೆ. ‘ಕರೆಂಟ್_ಟೈಮ್‌ಸ್ಟ್ಯಾಂಪ್’ ಕೊಡುವುದು ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯ, ನಮ್ಮದಕ್ಕಿಂತ 5 ಗಂಟೆ 30 ನಿಮಿಷ ಹಿಂದೆ. ಬೆಳಿಗ್ಗೆ ಐದೂವರೆಯ ಒಳಗಿನದೆಲ್ಲ ನಿನ್ನೆಯದು. ವರದಿಯಲ್ಲಿ ‘ಡೇಟ್’ಗೆ ‘ಲೋಕಲ್‌ಟೈಮ್’ ಸೇರಿಸಿ, ಯಂತ್ರದ ಟೈಮ್‌ಝೋನ್ ಏಷ್ಯಾ/ಕೋಲ್ಕತಾ ಇದೆಯೇ ನೋಡಿಕೊಳ್ಳಿ.

ದಕ್ಕೆಯಲ್ಲಿ ರಾಸ್ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಇಟ್ಟಿದ್ದರೆ ಇನ್ನೊಂದು ತೊಡಕಿದೆ. ಐದನೇ ಪೀಳಿಗೆಗಿಂತ ಹಿಂದಿನ ಪೈಗಳಲ್ಲಿ ಗಡಿಯಾರದ ಚಿಪ್ಪೇ ಇಲ್ಲ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದಲ್ಲಿ ಬಂದ್ ಆಗಿದ್ದು, ಆಗಸ್ಟಿನಲ್ಲಿ ನೆಟ್ಟಿಲ್ಲದೆ ಶುರು ಮಾಡಿದರೆ ಅದಕ್ಕೆ ಇನ್ನೂ ನಿಂತ ದಿನವೇ ನಡೆಯುತ್ತಿರುತ್ತದೆ. ಪ್ರೋಗ್ರಾಮು ಶುರುವಾಗುವಾಗ ಟೇಬಲ್ಲಿನ ಕೊನೆಯ ದಾಖಲೆಯ ದಿನ, ಯಂತ್ರದ ದಿನ ಎರಡನ್ನೂ ಪರದೆಯಲ್ಲಿ ತೋರಿಸಿ, ಕೂತವರು ‘ಸರಿ’ ಒತ್ತಿದ ಮೇಲೆಯೇ ಬರೆಯಲು ಬಿಡಿ. ತಪ್ಪಿದ ಹಳೆಯ ಸಾಲುಗಳಿಗೆಲ್ಲ ಒಂದೇ ಅಪ್‌ಡೇಟಿನಲ್ಲಿ ಐದೂವರೆ ಗಂಟೆ ಕೂಡಿಸಲು ಹೋಗಬೇಡಿ. ಅದರಲ್ಲಿ ಪೈಥಾನ್ ತಾನೇ ಸ್ಥಳೀಯ ಸಮಯ ಹಾಕಿದ ಸಾಲುಗಳೂ ಬೆರೆತಿರಬಹುದು. ಯಾವ ಸಾಲು ಯಾವ ಕೋಡಿನಿಂದ ಬಂದದ್ದೆಂದು ಬೇರ್ಪಡಿಸಿದ ಮೇಲೆ, ನಕಲಿನ ಮೇಲೆ ಮೊದಲು ಓಡಿಸಿ, ಒಂದು ವಾರದ ಮೊತ್ತವನ್ನು ಕೈಬರಹದ ಪುಸ್ತಕದ ಜೊತೆ ತಾಳೆ ನೋಡಿ.